ಅಣ್ಣನ ಎರಡು ಹೆಬ್ಬೆರಳು

ನಮ್ಮಣ್ಣನ ಹೆಬ್ಬೆರಳು ನೋಡಿದವರು ಮೊದಲು ನಗುತ್ತಿದ್ದರು. ತುದಿ ಚಪ್ಪಟೆ, ಬುಡ ದಪ್ಪ, ಉಗುರು ಅಗಲ. ಆಳು ನೋಡಿದರೆ ಸಣಕಲ, ಬೆರಳು ನೋಡಿದರೆ ಪೈಲ್ವಾನನದು. ಮೂವತ್ತನಾಲ್ಕು ವರ್ಷ ಊರವರ ಬೆನ್ನು, ಭುಜ, ಮಂಡಿ, ಹಿಮ್ಮಡಿ ಒತ್ತಿ ಒತ್ತಿ ಅವು ಹಾಗಾಗಿದ್ದವು. ಅವನು ಫಿಸಿಯೋಥೆರಪಿ ಓದಿದವನು, ಗೋಡೆಯ ಮೇಲೆ ಎರಡು ಸರ್ಟಿಫಿಕೇಟು ತೂಗುಹಾಕಿಕೊಂಡವನು. ಆದರೂ ಜನ ಅವನನ್ನು ಕರೆಯುತ್ತಿದ್ದುದು ಹೆಬ್ಬೆಟ್ಟು ಮೇಷ್ಟ್ರು ಅಂತ. ಓದು ಬರದವರನ್ನು ಹೀಗಳೆಯುವ ಮಾತು ಅದು. ಅವನಿಗೆ ಒಂದಿಷ್ಟೂ ಬೇಜಾರಿರಲಿಲ್ಲ. ಫೋನೆತ್ತಿದರೆ ತಾನೇ "ಹೂಂ, ಹೆಬ್ಬೆಟ್ಟು ಮಾತಾಡ್ತಿರೋದು" ಅನ್ನುತ್ತಿದ್ದ.

ನಾನು ಅವನ ತಂಗಿ. ಹನ್ನೆರಡು ವರ್ಷ ಅವನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತವಳು. ಐವತ್ತು ದಾಟಿದರೂ ಅವನ ಬಾಯಲ್ಲಿ ಪುಟ್ಟಿ. ನನ್ನ ಬಾಯಿ ಜೋರು ಅನ್ನುವುದು ಬರುವ ಪೇಷೆಂಟುಗಳಿಗೆಲ್ಲ ಗೊತ್ತು. ಹೊತ್ತಿಗೆ ಸರಿಯಾಗಿ ಬರದವರನ್ನು, ಮನೆಯಲ್ಲಿ ವ್ಯಾಯಾಮ ಮಾಡದೆ ಮಾಡಿದೆ ಅಂತ ಸುಳ್ಳು ಹೇಳುವವರನ್ನು ಮುಖಮೂತಿ ನೋಡದೆ ಜಾಡಿಸಿದ್ದೇನೆ. ಅಂಥ ಬಾಯಿ ಒಂದೇ ಒಂದು ಸಲ ತೆರೆಯಬೇಕಾದ ಹೊತ್ತಿನಲ್ಲಿ ತೆರೆಯಲಿಲ್ಲ. ಅದನ್ನೂ ಸೇರಿಸಿಯೇ ಹೇಳುತ್ತೇನೆ, ಬಿಟ್ಟು ಹೇಳಿದರೆ ಇದು ಅಣ್ಣನ ಕಥೆಯಾಗುವುದಿಲ್ಲ.

ಮಂಡಿನೋವಿನವರು ಬರುವ ಜಾಗವನ್ನು ಮೊದಲನೇ ಮಹಡಿಯಲ್ಲಿ ಮಾಡಿದ ಪುಣ್ಯಾತ್ಮ ಅವನು. ಕೆಳಗೆ ನಕಲಿ ಕೀ ಮಾಡಿಕೊಡುವ ಅಂಗಡಿ, ಪಕ್ಕದಲ್ಲಿ ಇಪ್ಪತ್ತೆರಡು ಮೆಟ್ಟಿಲು. ಹತ್ತುವವರು ಅರ್ಧಕ್ಕೆ ನಿಂತು ಅಣ್ಣನ ಏಳು ತಲೆಮಾರನ್ನೂ ಬೈದುಕೊಂಡು ಮುಂದಕ್ಕೆ ಹತ್ತುತ್ತಿದ್ದರು. ಕೆಳಗೆ ಬಾಡಿಗೆಗೆ ಜಾಗ ಹುಡುಕೋಣ ಅಂದರೆ ಕೇಳುತ್ತಿರಲಿಲ್ಲ. "ಅವ್ರು ಹತ್ತೋ ಸದ್ದು ಕೇಳಿದ್ರೆ ಸಾಕು ಪುಟ್ಟಿ, ಯಾವ ಕಾಲು, ಎಲ್ಲಿ ನೋವು ಅಂತ ಅರ್ಧ ಗೊತ್ತಾಗುತ್ತೆ. ಕೆಳಗೆ ಇಳಿದ್ರೆ ನಾನು ಕಿವುಡ" ಅನ್ನುತ್ತಿದ್ದ. ಒಳಗೆ ಎರಡು ಮಂಚ, ಗೋಡೆಗೆ ಸಿಕ್ಕಿಸಿದ ರಬ್ಬರ್ ಪಟ್ಟಿಗಳು, ಮೂಲೆಯಲ್ಲಿ ಮರಳು ತುಂಬಿದ ಚೀಲಗಳು, ಒಂದು ದೊಡ್ಡ ಕನ್ನಡಿ. ಮಷೀನು ಅಂತ ಇದ್ದದ್ದು ಒಂದೇ, ಅದೂ ವಾರಕ್ಕೆ ಮೂರು ದಿನ ಮುಷ್ಕರ ಹೂಡುತ್ತಿತ್ತು.

ಅವನಿಗೆ ಎರಡು ಕಟ್ಟಳೆ ಇದ್ದವು. ಒಂದು, ಮೊದಲು ಕೈ, ಆಮೇಲೆ ಎಕ್ಸ್‌ರೇ. ಪೇಷೆಂಟು ಫಿಲ್ಮ್ ಹಿಡಿದುಕೊಂಡು ಬಂದರೆ ಅದನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿ ಒಳಗೆ ಹೋಗಬೇಕು. ಅಣ್ಣ ಮುಟ್ಟಿ, ಒತ್ತಿ, ಮಡಚಿ, ಬಿಡಿಸಿ, ಒಳಗಿನ ಸಮಾಚಾರವೇನು ಅಂತ ಹೇಳಿದ ಮೇಲೆಯೇ ಫಿಲ್ಮ್ ಒಳಗೆ ಹೋಗುವುದು. "ಕಣ್ಣಿಗೆ ಮೊದ್ಲೇ ತೋರಿಸ್ಬಿಟ್ರೆ ಕೈ ಸೋಮಾರಿ ಆಗುತ್ತೆ" ಅನ್ನುವನು. ಎರಡನೆಯದು, ತನ್ನ ನೋವಿನ ಫಿಲ್ಮನ್ನು ತಾನೇ ಓದಬಾರದು. "ತನ್ನದನ್ನ ತಾನೇ ಓದೋನು ಒಂದೋ ಹೆದರ್ಕೊಂಡು ಓದ್ತಾನೆ, ಇಲ್ಲಾ ಆಸೆ ಪಟ್ಕೊಂಡು ಓದ್ತಾನೆ. ಎರಡೂ ತಪ್ಪು." ಸ್ಕೂಟರಿನಿಂದ ಬಿದ್ದು ಪಾದ ಊದಿಕೊಂಡಾಗಲೂ ಫಿಲ್ಮನ್ನು ಬೇರೆಯವರ ಕೈಗೆ ಕೊಟ್ಟು, ತಾನು ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದ. ಆಗ ನಾವೆಲ್ಲ ನಕ್ಕಿದ್ದೆವು.

ನಾವು ಬರೀ ಡಾಕ್ಟರು ಅಂತ ಕರೆಯುವ ಹುಡುಗ ಅವನ ಹತ್ತಿರ ಬಂದದ್ದು ಹನ್ನೊಂದು ವರ್ಷದ ಹಿಂದೆ. ಎಲುಬಿನ ಡಾಕ್ಟರಿಕೆ ಓದಿ ಮುಗಿಸಿದ್ದ, ತಲೆ ತುಂಬ ಪುಸ್ತಕ, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ದಿನ ತನ್ನ ತಾಯಿಯನ್ನು ಭುಜನೋವಿಗೆ ಕರೆದುಕೊಂಡು ಬಂದವನು, ಅಣ್ಣ ಕಣ್ಣು ಮುಚ್ಚಿಕೊಂಡು ಆಕೆಯ ಭುಜದಲ್ಲಿ ಹರಿದಿದ್ದ ಜಾಗವನ್ನು ಬೆರಳಿನಿಂದ ಹುಡುಕಿದ್ದನ್ನು ನೋಡಿದ. ಮಾರನೇ ದಿನದಿಂದ ಸಂಜೆ ಸಂಜೆ ಬರತೊಡಗಿದ. ಎರಡು ವರ್ಷ. ಅಣ್ಣ ಅವನ ಕೈಯ ಮೇಲೆ ತನ್ನ ಕೈಯಿಟ್ಟು, "ಇಲ್ಲಿ ನೋಡು, ಇದು ಹಗ್ಗದ ಹಾಗೆ ಬಿಗಿದಿದೆ, ಇದು ಊದಿಕೊಂಡಿದೆ, ಇದು ಬರೀ ಹೆದರಿಕೆ" ಅಂತ ಕಲಿಸಿದ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಯಾರೂ ಅಷ್ಟು ತಾಳ್ಮೆಯಿಂದ ಕಲಿಸುವುದಿಲ್ಲ. ಜನರ ಎದುರಿಗೆ ಅವನನ್ನು ಡಾಕ್ಟರೇ, ನೀವು ಅನ್ನುತ್ತಿದ್ದ. ಬಾಗಿಲು ಹಾಕಿಕೊಂಡರೆ ನೀನು, ತಾನು. ಡಾಕ್ಟರಿಗೂ ಅದೇ ಇಷ್ಟವಾಗಿತ್ತು ಅಂತ ಆಗ ನಾನು ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ಡಾಕ್ಟರೇ ಹೊಸ ಜಾಗ ಮಾಡಿದರು. ನೆಲಮಹಡಿ, ಗಾಜಿನ ಬಾಗಿಲು, ತಣ್ಣಗಿನ ಕೋಣೆಗಳು, ಕೂತರೆ ಏಳಲು ಮನಸ್ಸಾಗದ ಕುರ್ಚಿಗಳು. ಕೆಳಗೆ ಇಳಿಯಲ್ಲ ಅನ್ನುತ್ತಿದ್ದ ಅಣ್ಣ, ಶಿಷ್ಯ ಕರೆದ ಅಂತ ತನ್ನ ಮಂಚಗಳ ಸಮೇತ ಅಲ್ಲಿಗೆ ಹೋದ. ನಾನೂ ನನ್ನ ಮೇಜಿನ ಸಮೇತ ಹೋದೆ. ಅಲ್ಲಿ ಬಂದದ್ದೇ ಹೊಸ ಚಿಕಿತ್ಸೆ. ಪೇಷೆಂಟಿನ ತೋಳಿನಿಂದಲೇ ರಕ್ತ ತೆಗೆದು, ಕೊಳವೆಗೆ ಹಾಕಿ, ಗಿರಗಿರನೆ ತಿರುಗುವ ಮಷೀನಿನಲ್ಲಿ ಹದಿನೈದು ನಿಮಿಷ ಇಡುವುದು. ಕೆಂಪೆಲ್ಲ ಕೆಳಕ್ಕೆ ಕೂತು ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ. ಗಾಯ ರಿಪೇರಿ ಮಾಡುವ ಪ್ಲೇಟ್‌ಲೆಟ್‌ಗಳು ಅದರಲ್ಲಿ ದಟ್ಟವಾಗಿರುತ್ತವಂತೆ. ಅದನ್ನು ಸೂಜಿಯಲ್ಲಿ ಎಳೆದು, ನೋವಿರುವ ಕೀಲಿಗೋ ಸ್ನಾಯುವಿನ ಬುಡಕ್ಕೋ ಚುಚ್ಚುವುದು. ಆಮೇಲೆ ವಾರಗಟ್ಟಲೆ ವ್ಯಾಯಾಮ.

ಅಣ್ಣ ಇದನ್ನು ಕೇಳಿ ಮಗುವಿನಂತೆ ಹಿಗ್ಗಿದ. ಯಾಕೆಂದರೆ ಅವನು ಜೀವಮಾನವಿಡೀ ಹೇಳಿಕೊಂಡು ಬಂದದ್ದು ಅದನ್ನೇ: "ವಾಸಿ ಮಾಡೋನು ನಾನಲ್ಲ, ನಿಮ್ಮ ಮೈಯೇ. ನಾನು ದಾರಿ ಬಿಡಿಸ್ತೀನಿ ಅಷ್ಟೆ." ಈಗ ಆ ಮೈಯ ರಕ್ತವೇ ಸೂಜಿಯಲ್ಲಿ ಬಂತು. ಮೊದಮೊದಲು ಕೆಲಸವೂ ಆಯಿತು, ಸುಳ್ಳು ಹೇಳಬಾರದು. ಒಬ್ಬ ಬಡಗಿ ಮೊಣಕೈ ನೋವಿನಿಂದ ಉಳಿ ಹಿಡಿಯಲಾರದೆ ಬಂದಿದ್ದ. ಸೂಜಿ, ಆಮೇಲೆ ಅಣ್ಣನ ಹತ್ತಿರ ಎರಡು ತಿಂಗಳ ವ್ಯಾಯಾಮ. ಮೂರನೇ ತಿಂಗಳು ನನ್ನ ಮೇಜಿಗೆ ಒಂದು ಪೆನ್ನಿನ ಸ್ಟ್ಯಾಂಡು ಮಾಡಿಕೊಂಡು ಬಂದ. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಅಣ್ಣನೂ ಡಾಕ್ಟರೂ ಕೂತು ಒಂದು ಕಾಗದ ಬರೆದು ಒಳಕೋಣೆಯ ಗೋಡೆಗೆ ಅಂಟಿಸಿದ್ದರು. ಅದರ ಕೊನೆಯ ಸಾಲು ಅಣ್ಣನ ಅಕ್ಷರ: ಸವೆದು ಸವೆದು ಮೂಳೆಗೆ ಮೂಳೆ ತಾಗುತ್ತಿದ್ದರೆ ಸೂಜಿ ಬೇಡ. ಅಂದರೆ ನಾಲ್ಕನೇ ಹಂತ. ಬೆಳೆಯಲಿಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಅಣ್ಣನ ಬೆರಳು ಕೈಕೊಟ್ಟದ್ದನ್ನು ಮೊದಲು ಕಂಡುಹಿಡಿದವಳು ಅತ್ತಿಗೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ಹತ್ತು ನಿಮಿಷ ನಿಲ್ಲುತ್ತಿದ್ದ. ಬಾಟಲಿಯ ಮುಚ್ಚಳವನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತೆಗೆಯುತ್ತಿದ್ದ. ಕ್ಲಿನಿಕ್ಕಿನಲ್ಲಿ ನಾನು ಕಂಡದ್ದು ಬೇರೆ. ಬೆನ್ನು ಒತ್ತುವಾಗ ಹೆಬ್ಬೆರಳಿನ ಬದಲು ಮೊಣಕೈ ಊರತೊಡಗಿದ್ದ. ಒಬ್ಬರನ್ನು ಕಳಿಸಿ ಇನ್ನೊಬ್ಬರನ್ನು ಕರೆಯುವ ಮುಂಚೆ ಕೈಯೆರಡನ್ನೂ ತಣ್ಣೀರಿನ ಬೋಗುಣಿಯಲ್ಲಿ ಅದ್ದಿಕೊಂಡು ನಿಲ್ಲುತ್ತಿದ್ದ. ಕೇಳಿದರೆ "ಸೆಖೆ" ಅನ್ನುವನು. ಆ ತಣ್ಣಗಿನ ಕೋಣೆಯಲ್ಲಿ ಎಲ್ಲಿಯ ಸೆಖೆ! ಆ ಎರಡು ಬೆರಳು ಹೋದರೆ ಅಣ್ಣನ ಹತ್ತಿರ ಬೇರೇನೂ ಉಳಿಯುವುದಿಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ನಾಲ್ಕು ಜನರ ಮಧ್ಯೆ ಕೂತು ಮಾತಾಡಬಲ್ಲವನಲ್ಲ, ಓದುವವನಲ್ಲ, ಆಟಪಾಟದವನಲ್ಲ. ಅವನು ಲೋಕವನ್ನು ಬೆರಳಿನಿಂದಲೇ ತಿಳಿದುಕೊಂಡವನು.

ಕೊನೆಗೆ ಡಾಕ್ಟರೇ ಹಿಡಿದು ಕೂರಿಸಿದರು. "ಮೇಷ್ಟ್ರೇ, ಸುಮ್ನೆ ಯಾಕೆ ಒದ್ದಾಡ್ತೀರಿ? ಎಕ್ಸ್‌ರೇ ತೆಗೆಸೋಣ. ಸೂಜಿ ಹಾಕೋಣ. ಊರಿಗೆಲ್ಲ ಹಾಕ್ತೀವಿ, ನಿಮಗೆ ಹಾಕೋಕಾಗಲ್ವಾ?"

ಅಣ್ಣ ತನ್ನ ಬೆರಳನ್ನು ತಾನು ಮುಟ್ಟಿ ನೋಡಲಾರ. ಮುಟ್ಟಿ ನೋಡುವುದೇ ಆ ಬೆರಳಿನಿಂದ, ಅದೇ ಬೇನೆಬಿದ್ದರೆ ಯಾವುದರಿಂದ ಮುಟ್ಟುವುದು? ಹಾಗಾಗಿ ಅವನ ಮೊದಲನೇ ಕಟ್ಟಳೆ ಅಲ್ಲಿಗೆ ಬಿದ್ದುಹೋಯಿತು. ಎರಡನೆಯದನ್ನು ಅವನು ಬಿಡಲಿಲ್ಲ. "ನನ್ನ ಫಿಲ್ಮ್ ನಾನು ನೋಡಲ್ಲ. ನೀನು ನೋಡು, ನೀನು ಹೇಳು. ನೀನು ಹಾಕು ಅಂದ್ರೆ ಹಾಕಿಸ್ಕೋತೀನಿ, ಬೇಡ ಅಂದ್ರೆ ಬೇಡ" ಅಂದ. ಅಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ.

ಫಿಲ್ಮ್ ಬಂದಾಗ ಒಳಗೆ ಇದ್ದವರು ಡಾಕ್ಟರು ಮತ್ತು ನಾನು. ನಮ್ಮಲ್ಲಿ ಪ್ರತಿಯೊಂದು ಫಿಲ್ಮಿಗೂ ಒಂದು ಕಂದು ಕವರು. ಡಾಕ್ಟರು ಓದಿ ಹೇಳಿದ್ದನ್ನು ಕವರಿನ ಮೇಲೆ ಬರೆಯುವುದು ನನ್ನ ಕೆಲಸ, ನನ್ನ ಅಕ್ಷರ ಗುಂಡಗಿದೆ ಅಂತ ಆ ಕೆಲಸ ಇನ್ಯಾರಿಗೂ ಕೊಟ್ಟಿರಲಿಲ್ಲ. ಡಾಕ್ಟರು ಬೆಳಕಿನ ಹಲಗೆಗೆ ಫಿಲ್ಮ್ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಹನ್ನೆರಡು ವರ್ಷದಲ್ಲಿ ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಎರಡು ಮೂಳೆಗಳ ನಡುವೆ ಇರಬೇಕಾದ ಕಪ್ಪು ಗೆರೆ ಇರಲೇ ಇಲ್ಲ.

"ಬರ್ಕೊಳ್ಳಿ ಅಕ್ಕ. ಎರಡೂ ಹೆಬ್ಬೆರಳು, ಬುಡದ ಕೀಲು, ನಾಲ್ಕನೇ ಹಂತ."

ಬರೆದೆ. ಬರೆದು, "ಹಾಗಿದ್ರೆ ಸೂಜಿ..." ಅಂದೆ.

"ಅಕ್ಕ, ಇದನ್ನ ಈಗಲೇ ಮೇಷ್ಟ್ರಿಗೆ ಹೇಳೋದು ಬೇಡ. ಕೈಚೆಲ್ಲಿ ಕೂತ್ಬಿಡ್ತಾರೆ. ಸೂಜಿ ಹಾಕಿ ಆರು ವಾರ ಪಟ್ಟಿ ಕಟ್ಟೋಣ. ಆ ರೆಸ್ಟಿಗಾದ್ರೂ ನೋವು ಇಳಿಯುತ್ತೆ. ಆಮೇಲೆ ನಾನೇ ಸಮಯ ನೋಡಿ ಹೇಳ್ತೀನಿ. ನೀವು ಅವರ ತಂಗಿ, ನಿಮಗೆ ಗೊತ್ತಿಲ್ವಾ ಅವರ ಮನಸ್ಸು?"

ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ಒಳ್ಳೆಯ ಹುಡುಗ, ಗುರುವಿನ ಮನಸ್ಸು ಎಷ್ಟು ಕಾಯುತ್ತಾನೆ ಅಂದುಕೊಂಡೆ. ಕವರಿಗೆ ಫಿಲ್ಮ್ ಹಾಕಿ, ಕಪಾಟಿನಲ್ಲಿಟ್ಟು, ಬೀಗ ಹಾಕಿದೆ. ಹೊರಗೆ ಬಂದಾಗ ಅಣ್ಣ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ನಕ್ಕೆ.

ಹಾಕೋಣ, ಕಡಿಮೆ ಆಗುತ್ತೆ ಅಂತ ಡಾಕ್ಟರು ಹೇಳಿದರು, ಅಣ್ಣ ಒಪ್ಪಿದ. ಸೂಜಿ ಹಾಕುವ ದಿನ ಡಾಕ್ಟರು ಒಬ್ಬ ಫೋಟೋದವನನ್ನು ಕರೆಸಿದ್ದರು. ನೆನಪಿಗೆ ಅಂದರು. ಅಣ್ಣ ನಾಚಿಕೊಂಡು ಕೂದಲು ಬಾಚಿಕೊಂಡ. ರಕ್ತ ತೆಗೆದರು, ಮಷೀನು ತಿರುಗಿತು, ಹಳದಿ ನೀರು ಬಂತು, ಎರಡೂ ಬೆರಳಿನ ಬುಡಕ್ಕೆ ಚುಚ್ಚಿದರು. ಆ ನೋವು ಸಾಮಾನ್ಯದ್ದಲ್ಲ, ಅಣ್ಣ ಹಲ್ಲು ಕಚ್ಚಿ ಕೂತಿದ್ದ. ಎರಡೂ ಕೈಗೆ ಗಟ್ಟಿ ಪಟ್ಟಿ ಕಟ್ಟಿದರು. ಆರು ವಾರ ಯಾರನ್ನೂ ಮುಟ್ಟುವ ಹಾಗಿಲ್ಲ.

ಮುಟ್ಟುವ ಹಾಗಿಲ್ಲ ಅಂದರೆ ಮನೆಯಲ್ಲಿ ಕೂರಬೇಕಲ್ಲ, ಅದು ಅವನಿಂದಾಗಲಿಲ್ಲ. ದಿನಾ ಬಂದು ಹೊರಗಿನ ಬೆಂಚಿನಲ್ಲಿ ಪೇಷೆಂಟುಗಳ ನಡುವೆ ಕೂರುತ್ತಿದ್ದ. ಜನ ಅವನ ಪಟ್ಟಿ ನೋಡಿ ಕೇಳುತ್ತಿದ್ದರು. ಸೂಜಿ ಅಂದರೆ ಹೆದರುವವರು, ಮಂಡಿಗೆ ಚುಚ್ಚಿಸಿಕೊಳ್ಳಲೋ ಬೇಡವೋ ಅಂತ ತೂಗಾಡುವವರು. ಅಣ್ಣ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ, "ನಾನೂ ಹಾಕಿಸ್ಕೊಂಡಿದೀನಿ ನೋಡಿ. ಧೈರ್ಯವಾಗಿ ಹಾಕಿಸ್ಕೊಳ್ಳಿ, ನಮ್ಮ ಡಾಕ್ಟ್ರು ನೋಡದೆ ಹಾಕೋರಲ್ಲ" ಅನ್ನುತ್ತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಮುಟ್ಟದೆ ಮಾತು ಕೊಟ್ಟದ್ದು. ಕೊಡಲು ಕೈ ಖಾಲಿಯಿರಲಿಲ್ಲ, ಬಾಯಿ ಖಾಲಿಯಿತ್ತು. ಹಾಗೆ ಅವನ ಮಾತಿನ ಮೇಲೆ ಒಳಗೆ ಹೋದವರು ಮೂವತ್ತೊಂದು ಜನ. ಪೇಷೆಂಟುಗಳ ಪಟ್ಟಿಯಲ್ಲಿ ಹೆಸರು ಬರೆದುಕೊಂಡವಳು ನಾನೇ ಆದ್ದರಿಂದ ಲೆಕ್ಕ ತಪ್ಪುವುದಿಲ್ಲ.

ನಾಲ್ಕನೇ ವಾರ ಹೊಳಪಿನ ಕಾಗದದ ಕಟ್ಟೊಂದು ನನ್ನ ಮೇಜಿನ ಮೇಲೆ ಬಂದು ಬಿತ್ತು. ಬಿಚ್ಚಿದರೆ ಅಣ್ಣನ ಫೋಟೋ, ಹಲ್ಲು ಕಚ್ಚಿದ್ದನ್ನು ನಗುವ ಹಾಗೆ ತೋರಿಸಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ: ನಮ್ಮ ಮೇಷ್ಟ್ರೇ ನಂಬಿದ ಚಿಕಿತ್ಸೆ. ಸವೆದ ಕೀಲಿಗೆ ಹೊಸ ಜೀವ.

ನನ್ನ ಮೈ ಉರಿದುಹೋಯಿತು. ಅವತ್ತು ನನಗೆ ಅರ್ಥವಾಯಿತು, ಡಾಕ್ಟರು ಕಾದದ್ದು ಅಣ್ಣನ ಮನಸ್ಸನ್ನಲ್ಲ. ಹಳೇ ಪೇಷೆಂಟುಗಳಿಗೆ ಅಣ್ಣನ ಬೆರಳಿನ ಮೇಲೆ ನಂಬಿಕೆ, ಸೂಜಿಯ ಮೇಲೆ ಇಲ್ಲ. ಆ ಬೆರಳಿಗೇ ಸೂಜಿ ಚುಚ್ಚಿ ತೋರಿಸಿದರೆ ಎಲ್ಲರೂ ಸಾಲಾಗಿ ಬಂದು ಕೂರುತ್ತಾರೆ. ಆಗುವುದಿಲ್ಲ ಅಂತ ಗೊತ್ತಿದ್ದೇ ಚುಚ್ಚಿದ್ದು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ನಾನು ಆ ಕತ್ತನ್ನು ಅಲುಗಾಡದ ಹಾಗೆ ಹಿಡಿದುಕೊಟ್ಟಿದ್ದೆ, ಅದೂ ಕಣ್ಣೀರು ಸುರಿಸಿಕೊಂಡು!

ಅವತ್ತೇ ಅಣ್ಣನಿಗೆ ಹೇಳಬೇಕಿತ್ತು. ಹೋದೆ ಕೂಡ. ಅವನು ಬೆಂಚಿನ ಮೇಲೆ ಕಾಗದ ಹಿಡಿದುಕೊಂಡು, ತನ್ನ ಫೋಟೋವನ್ನು ಪಕ್ಕದ ಮುದುಕಿಗೆ ತೋರಿಸುತ್ತಿದ್ದ. "ಹೀರೋ ಥರ ಬಂದಿದೀನಲ್ವಾ ಪುಟ್ಟಿ?" ಅಂದ. ತುಟಿ ಪಿಟಕ್ಕೆನ್ನದೆ ವಾಪಸು ಬಂದೆ. ಇವತ್ತು ಬೇಡ, ಪಟ್ಟಿ ಬಿಚ್ಚಲಿ. ಪಟ್ಟಿ ಬಿಚ್ಚಿದರು, ಅಣ್ಣ "ಸುಮಾರು ಕಡಿಮೆ ಇದೆ" ಅಂದ. ಇವತ್ತು ಬೇಡ, ಖುಷಿಯಾಗಿದ್ದಾನೆ. ಹೀಗೆ ನಾಳೆ ನಾಳೆ ಅಂತ ಎರಡು ತಿಂಗಳು ದೂಡಿದೆ. ಒಂದೊಂದು ದಿನ ಕಳೆದ ಹಾಗೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ ಡಾಕ್ಟರ ತಪ್ಪಿಗಿಂತ ದೊಡ್ಡದಾಗುತ್ತಾ ಹೋಯಿತು.

ಬಯಲು ಮಾಡಿದವನು ಒಬ್ಬ ಬಸ್ ಡ್ರೈವರು. ದಪ್ಪ ಆಳು, ಬಲಮಂಡಿ. ಸೂಜಿ ಹಾಕಿಸಿಕೊಂಡು ಹತ್ತು ವಾರವಾಗಿತ್ತು. ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಮೊದಲಿಗಿಂತ ಹೆಚ್ಚು ಕುಂಟುತ್ತಿದ್ದ. ಅಣ್ಣ ಆಗಷ್ಟೇ ಮತ್ತೆ ಕೆಲಸಕ್ಕೆ ಕೈ ಹಚ್ಚಿದ್ದ. ಬೆರಳು ಊರಲಾಗದೆ ಅಂಗೈಯನ್ನು ಡ್ರೈವರನ ಮಂಡಿಯ ಮೇಲಿಟ್ಟು, ಕಾಲು ಮಡಚಿ ಬಿಡಿಸಿದ. ಮತ್ತೊಮ್ಮೆ ಮಡಚಿ ಬಿಡಿಸಿದ. ನಾನು ಪೇಷೆಂಟಿನ ಚೀಟಿ ಕೊಡಲು ಬಾಗಿಲಲ್ಲಿ ನಿಂತಿದ್ದೆ.

"ಇದು ಕಲ್ಲಿಗೆ ಕಲ್ಲು ಉಜ್ಜಿದ ಹಾಗಿದೆಯಲ್ರೀ. ಈ ಮಂಡಿಗೆ ಸೂಜಿ ಹಾಕಿಸ್ಕೊಳ್ಳಿ ಅಂತ ಯಾರ್ರೀ ಹೇಳಿದ್ದು?"

ಡ್ರೈವರು ಕಕ್ಕಾಬಿಕ್ಕಿಯಾದ. "ನೀವೇ ಅಲ್ವಾ ಮೇಷ್ಟ್ರೇ? ಹೊರಗಡೆ ಬೆಂಚಲ್ಲಿ? ನಾನೂ ಹಾಕಿಸ್ಕೊಂಡಿದೀನಿ ಅಂದ್ರಲ್ಲ. ಇಲ್ದಿದ್ರೆ ನಾನು ಸೂಜಿ ಹತ್ರ ಸುಳೀತಿದ್ನಾ?"

ಅಣ್ಣ ಅವನ ಮಂಡಿಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ಇವರ ಫಿಲ್ಮ್ ತಗೊಂಡು ಬಾ" ಅಂದ. ತಂದುಕೊಟ್ಟೆ. ಕವರಿನ ಮೇಲೆ ನನ್ನದೇ ಗುಂಡಗಿನ ಅಕ್ಷರ, ನಾಲ್ಕನೇ ಹಂತ. ಓದಿದ. "ನಂದೂ ತಗೊಂಡು ಬಾ" ಅಂದ.

ಕಪಾಟಿನ ಬೀಗ ತೆಗೆದೆ. ಅವನ ಕವರು ಕೈಗೆ ಸಿಕ್ಕಿತು. ಅದರ ಮೇಲೂ ನನ್ನ ಅಕ್ಷರ, ತಾರೀಖಿನ ಸಮೇತ. ಆಗ ನಾನು ಮಾಡಿದ ಕೆಲಸವನ್ನು ಈಗಲೂ ನೆನೆದರೆ ಮೈಯೆಲ್ಲ ಮುಳ್ಳು. ಫಿಲ್ಮನ್ನು ಕವರಿನಿಂದ ಎಳೆದು, ಕವರನ್ನು ಮಡಚಿ ನನ್ನ ಚೀಲಕ್ಕೆ ತುರುಕಿ, ಬರಿಯ ಫಿಲ್ಮನ್ನು ತೆಗೆದುಕೊಂಡು ಹೋಗಿ ಅಣ್ಣನ ಕೈಗಿಟ್ಟೆ. ಅವನು ಅದನ್ನು ಕಿಟಕಿಗೆ ಹಿಡಿದ. ತನ್ನ ಫಿಲ್ಮನ್ನು ತಾನೇ ಓದಿದ್ದು ಅವನ ಜನ್ಮದಲ್ಲಿ ಅದೊಂದೇ ಸಲ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವನು ಡಾಕ್ಟರ ಕೋಣೆಗೆ ಹೋದಾಗ ನಾನೂ ಹಿಂದೆ ಹೋದೆ. ಬಾಗಿಲು ಮುಚ್ಚಿಕೊಂಡಿತು. ಅಣ್ಣ ಫಿಲ್ಮನ್ನು ಮೇಜಿನ ಮೇಲಿಟ್ಟು ಕೇಳಿದ:

"ಇದನ್ನ ನೀವು ಯಾವತ್ತು ನೋಡಿದ್ರಿ?"

ಮುಚ್ಚಿದ ಬಾಗಿಲಿನ ಒಳಗೆ ಅವನ ಬಾಯಲ್ಲಿ 'ನೀವು' ಬಂದದ್ದಕ್ಕೇ ಡಾಕ್ಟರು ಎದ್ದು ನಿಂತರು. "ಮೇಷ್ಟ್ರೇ, ಕೂತ್ಕೊಳ್ಳಿ, ಹೇಳ್ತೀನಿ..."

"ಯಾವತ್ತು ನೋಡಿದ್ರಿ?"

"ಬಂದ ದಿನಾನೇ. ಆದ್ರೆ ಮೇಷ್ಟ್ರೇ, ನಿಮಗೆ ನೋವು ಕಡಿಮೆ ಆಗಿದೆ ಅಂತ ನೀವೇ ಹೇಳಿದ್ರಲ್ಲ?"

"ಕಡಿಮೆ ಆಗುತ್ತೆ ಅಂತ ನೀವು ಹೇಳಿದ್ರಿ. ಅದಕ್ಕೇ ಆಗಿದೆ ಅಂದ್ಕೊಂಡೆ."

"ನೀವು ಕೂತ್ರೆ ಜನ ಕೂರ್ತಾರೆ ಮೇಷ್ಟ್ರೇ. ನಿಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ. ಅದರಲ್ಲಿ ಎಷ್ಟೋ ಜನಕ್ಕೆ ಒಳ್ಳೇದೂ ಆಗಿದೆ. ಒಬ್ಬಿಬ್ಬರಿಗೆ ಆಗದೆ ಇರಬಹುದು..."

"ಗೋಡೆ ಮೇಲೆ ನಾನು ಬರೆದಿದ್ದ ಸಾಲು ಓದಿಲ್ವಾ ನೀವು?"

ಅಣ್ಣ ಕೂಗಾಡಲಿಲ್ಲ, ನಾನಾಗಿದ್ದರೆ ಮೇಜನ್ನೇ ಮಗುಚಿಹಾಕುತ್ತಿದ್ದೆ. ಅವನು ತನ್ನ ಎರಡೂ ಕೈಗಳನ್ನು ಒಂದು ಸಲ ನೋಡಿಕೊಂಡ. "ನಿಮ್ಮ ಕೈ ಮೇಲೆ ಕೈ ಇಟ್ಟು ಎರಡು ವರ್ಷ ಕಲಿಸ್ದೆ. ಇಷ್ಟು ಹತ್ರ ಇದ್ದೂ ನೀವು ಎಂಥವರು ಅಂತ ನನಗೆ ಗೊತ್ತಾಗ್ಲಿಲ್ಲ" ಅಂದು ಹೊರಗೆ ಬಂದ. ಬರುವಾಗ ನನ್ನ ಮೇಜಿನಲ್ಲಿದ್ದ ಪೇಷೆಂಟುಗಳ ಪಟ್ಟಿ ತೆಗೆದುಕೊಂಡ. ಮತ್ತೆ ಆ ಬಾಗಿಲು ಹಾಯಲಿಲ್ಲ. ನಾನೂ ಅವನ ಜೊತೆಗೇ ಎದ್ದು ಬಂದೆ. ಅಣ್ಣನಿಗೋಸ್ಕರ ಕೆಲಸ ಬಿಟ್ಟ ತಂಗಿ ಅಂತ ಅತ್ತಿಗೆ ನನ್ನನ್ನು ತಬ್ಬಿಕೊಂಡಳು. ನಾನು ತಬ್ಬಿಸಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಅಣ್ಣ ಪಡಸಾಲೆಯಲ್ಲಿ ಪಟ್ಟಿ ಹರಡಿಕೊಂಡು ಕೂತಿದ್ದ. "ಪುಟ್ಟಿ, ನನ್ನ ಬೆರಳಿಗೆ ಈ ಫೋನ್ ಒತ್ತೋಕಾಗಲ್ಲ. ನೀನು ನಂಬರ್ ಹಾಕಿ ಸ್ಪೀಕರಲ್ಲಿಡು. ಮಾತು ನಾನಾಡ್ತೀನಿ" ಅಂದ.

ಹಾಗೆ ಶುರುವಾಯಿತು. ಮೊದಲನೆಯದು ಡ್ರೈವರಿಗೆ. "ಹೆಬ್ಬೆಟ್ಟು ಮಾತಾಡ್ತಿರೋದು" ಅನ್ನಲಿಲ್ಲ ಅವನು. ತನ್ನ ಪೂರ್ತಿ ಹೆಸರು ಹೇಳಿದ. "ನಾನು ನಿಮ್ಮ ಕಾಲು ಮುಟ್ಟದೆ ಸೂಜಿ ಹಾಕಿಸ್ಕೊಳ್ಳಿ ಅಂದಿದ್ದೆ. ಅದು ತಪ್ಪು. ನನ್ನ ಬೆರಳು ವಾಸಿಯಾಗಿಲ್ಲ, ಆಗೋದೂ ಇಲ್ಲ. ನಿಮ್ಮ ಫಿಲ್ಮ್ ತಗೊಂಡು ಬೇರೆ ಡಾಕ್ಟ್ರಿಗೆ ತೋರಿಸಿ. ನನ್ನನ್ನ ಕ್ಷಮಿಸಿ." ಇಷ್ಟೇ ಮಾತು, ಇದನ್ನೇ ಮೂವತ್ತೊಂದು ಸಲ. ಒಬ್ಬರು ಬಾಯಿಗೆ ಬಂದಂತೆ ಬೈದರು, ಅವನು ಹೂಂ ಹೂಂ ಅಂತ ಪೂರ್ತಿ ಕೇಳಿದ. ಒಬ್ಬ ದರ್ಜಿ, ತನ್ನ ಭುಜ ಚೆನ್ನಾಗಿದೆ, ಸುಮ್ಮನೆ ಮನಸ್ಸು ಕೆಡಿಸಬೇಡಿ ಅಂದ. ಅಣ್ಣನ ಮುಖ ಅರಳಿತು. "ನಿಮ್ಮದು ಸ್ನಾಯು ಹರಿದಿದ್ದು, ಅದಕ್ಕೆ ಸರಿಯಾದ ಔಷಧಿನೇ ಅದು. ವ್ಯಾಯಾಮ ಬಿಡ್ಬೇಡಿ" ಅಂದ. ಒಬ್ಬ ಹಳೇ ಟೀಚರು ಪೂರ್ತಿ ಕೇಳಿ, "ನಾನು ಡಾಕ್ಟ್ರನ್ನ ನಂಬಿ ಹೋಗಿದ್ದಲ್ಲ ಮೇಷ್ಟ್ರೇ, ನಿಮ್ಮನ್ನ" ಅಂದು ಫೋನಿಟ್ಟರು. ಅಣ್ಣ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ಮುಂದಿನ ನಂಬರ್ ಹಾಕು" ಅಂದ.

ಪ್ರತಿ ನಂಬರು ಒತ್ತುವಾಗಲೂ ನಾನು, ಇದಾದ ಮೇಲೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಒಂದು ಫೋನಿಗೂ ಇನ್ನೊಂದಕ್ಕೂ ನಡುವೆ ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ, ನನ್ನ ಕಡೆ ನೋಡುತ್ತಿದ್ದ. ಸುಧಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹತ್ತು, ಹನ್ನೊಂದು ಆದ ಮೇಲೆ ಆ ನಿಲುಗಡೆಯೂ ನಿಂತಿತು. ಬೇಗ ಬೇಗ ಮುಗಿಸತೊಡಗಿದ. ಎರಡು ದಿನ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಮೂವತ್ತೊಂದನೇ ಹೆಸರಿನ ಮೇಲೆ ಗೆರೆ ಎಳೆದೆ. ಪರರ ಎದುರಿಗೆ ಅವನು ಇಷ್ಟು ಸಲ ತಲೆ ತಗ್ಗಿಸಿದ್ದು ನೋಡಿ ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣಾ, ನನಗೂ ಗೊತ್ತಿತ್ತು. ಮೊದಲನೇ ದಿನದಿಂದ್ಲೂ ಗೊತ್ತಿತ್ತು" ಅಂದೆ.

ಅವನು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದ. ಬೆರಳು ಬಗ್ಗದೆ ಅಂಗೈಯಿಂದ ಒತ್ತುತ್ತಿದ್ದ. ತಲೆಯೆತ್ತಲಿಲ್ಲ.

"ನಮ್ಮ ಕಪಾಟಲ್ಲಿ ಕವರಿಲ್ಲದ ಫಿಲ್ಮ್ ಒಂದಾದ್ರೂ ಇತ್ತಾ? ಬರೀ ಫಿಲ್ಮ್ ತಂದು ಕೈಗಿಟ್ಯಲ್ಲ, ಆಗ್ಲೇ ಗೊತ್ತಾಯ್ತು. ಕವರ್ ಮೇಲೆ ಬರೆಯೋಳು ನೀನೊಬ್ಬಳೇ."

"ಹಾಗಿದ್ರೆ ಯಾಕಣ್ಣ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಪಕ್ಕದಲ್ಲಿ ಕೂರಿಸ್ಕೊಂಡೆ. ಹತ್ತನೇ ಫೋನಿನ ತನಕ ಕಾದೆ. ಆಮೇಲೆ ಕಾಯೋದು ಬಿಟ್ಟೆ."